ಕೈ ಬಲ್ಲ ರೇಖಾಗಣಿತ

ಬೆಂಗಳೂರಿನ ಪೀಣ್ಯದಲ್ಲಿಯೂ ಬೆಳಗಾವಿಯ ಉದ್ಯಮಬಾಗಿನಲ್ಲಿಯೂ ಹತ್ತಾರು ವರ್ಷ ಲೇತಿನ ಮುಂದೆ ನಿಂತು, ಚಕ್ಕಿಗೆ ಜಾಬು ಕಟ್ಟಿ, ಟೂಲು ಮಸೆದು, ಮೈಕ್ರೋಮೀಟರಿನ ಗೆರೆಗಳನ್ನು ಓದುತ್ತ ಬಾಳಿದ ಯಂತ್ರಕರ್ಮಿಯು, ತನ್ನ ಮಕ್ಕಳ ವಯಸ್ಸಿನ ತರುಣರ ನಡುವೆ ಕುಳಿತು ಗಣಕದ ಪರದೆಯ ಮೇಲೆ ಚಿತ್ರ ಬರೆಯಲು ಕಲಿಯಬೇಕಾಗಿ ಬಂದಾಗ, ಅವನ ಮನಸ್ಸಿನಲ್ಲಿ ಮೊದಲು ಮೂಡುವ ಭಾವವು ಪ್ರಾಯಶಃ ಸಂಕೋಚವೇ ಆಗಿರುತ್ತದೆ. ಇಂಗ್ಲಿಷಿನ ಆಜ್ಞಾಪದಗಳು, ಸಾಲುಸಾಲಾಗಿ ಕಾಣುವ ಅಪರಿಚಿತ ಗುಂಡಿಗಳು, ಹ್ಯಾಂಡ್‌ವೀಲನ್ನು ಕೂದಲೆಳೆಯಷ್ಟು ತಿರುಗಿಸಬಲ್ಲ ಕೈಗೆ ಒಗ್ಗದ ಮೌಸು, ಇವೆಲ್ಲವೂ ಕೂಡಿ, ತಾನು ಇದುವರೆಗೆ ಗಳಿಸಿದ ವಿದ್ಯೆಯೆಲ್ಲ ಇಲ್ಲಿ ನಿರುಪಯುಕ್ತವೆಂಬ ಭ್ರಾಂತಿಯನ್ನು ಅವನಲ್ಲಿ ಹುಟ್ಟಿಸುತ್ತವೆ. ಅದು ಭ್ರಾಂತಿಯೇ ಸರಿ ಎಂಬುದು ನನ್ನ ದೃಢವಾದ ನಂಬಿಕೆ. ಕ್ಯಾಡ್ ಎಂದು ನಾವು ಕರೆಯುವ ಗಣಕವಿನ್ಯಾಸವೂ, ಕ್ಯಾಮ್ ಎಂದು ಕರೆಯುವ ಗಣಕಯಂತ್ರಣವೂ, ಲೇತಿನ ಮುಂದೆ ನಿಂತವನ ಕೈ ಮೊದಲೇ ಬಲ್ಲ ರೇಖಾಗಣಿತವನ್ನೇ ಅಂಕಿಗಳಲ್ಲಿ ಬರೆದಿಡುವ ವಿಧಾನಗಳು. ಆದುದರಿಂದ ಈ ವಿದ್ಯೆಯನ್ನು ಕಲಿಯಲು ಬರುವ ಯಂತ್ರಕರ್ಮಿಯನ್ನು ಅಕ್ಷರಾಭ್ಯಾಸದಿಂದ ಆರಂಭಿಸಬೇಕಾದ ಬಾಲಕನೆಂದು ಎಣಿಸಕೂಡದು. ಈ ಅಧ್ಯಾಯದಲ್ಲಿ ನಾನು ವಿವರಿಸಬಯಸುವುದು ಇದನ್ನೇ.

ಈ ವಿದ್ಯೆಯ ಜನನವೃತ್ತಾಂತವೇ ಇದಕ್ಕೆ ಸಾಕ್ಷಿಯಾಗಿದೆ. 1940ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದ ಟ್ರಾವರ್ಸ್ ಸಿಟಿ ಎಂಬ ಊರಿನಲ್ಲಿ ಜಾನ್ ಪಾರ್ಸನ್ಸ್ ಎಂಬಾತನು ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದನು. ರೆಕ್ಕೆಯ ಅಡ್ಡಕೊಯ್ತದ ವಕ್ರರೇಖೆಗೆ ಸರಿಹೊಂದುವ ಅಚ್ಚುಪಟ್ಟಿಗಳನ್ನು ಕತ್ತರಿಸುವುದು ಬಹಳ ಸೂಕ್ಷ್ಮವಾದ ಕೆಲಸ. ಆ ವಕ್ರದ ಮೇಲಿನ ಬಿಂದುಗಳನ್ನು ರಂಧ್ರಪತ್ರಗಳಿಂದ ನಡೆಯುವ ಲೆಕ್ಕಯಂತ್ರದಲ್ಲಿ ಗಣಿಸಿ ಪಟ್ಟಿ ಮಾಡಿಸಿದರೆ, ಮಿಲ್ಲಿಂಗ್ ಯಂತ್ರವನ್ನು ಆ ಬಿಂದುಗಳಿಗೆ ಒಂದೊಂದಾಗಿ ಒಯ್ಯಬಹುದೆಂದು ಪಾರ್ಸನ್ಸನಿಗೂ ಅವನ ಸಹೋದ್ಯೋಗಿಯಾದ ಫ್ರಾಂಕ್ ಸ್ಟುಲೆನ್ನನಿಗೂ ಹೊಳೆಯಿತು. ಆಗ ಅವರು ಮಾಡಿದ ಏರ್ಪಾಡು ಹೀಗಿತ್ತು: ಒಬ್ಬನು ಪಟ್ಟಿಯನ್ನು ಹಿಡಿದು ಅಂಕಿಗಳನ್ನು ಗಟ್ಟಿಯಾಗಿ ಓದುವನು, ಎಕ್ಸ್ ಅಕ್ಷದ ಹಿಡಿಕೆಯ ಬಳಿ ನಿಂತವನೊಬ್ಬನು, ವೈ ಅಕ್ಷದ ಹಿಡಿಕೆಯ ಬಳಿ ನಿಂತವನೊಬ್ಬನು, ಹೇಳಿದಷ್ಟು ತಿರುಗಿಸಿ ನಿಲ್ಲಿಸುವರು, ಅನಂತರ ಕಟರನ್ನು ಕೆಳಗಿಳಿಸುವರು. ಗಣಕದ ಆಜ್ಞೆಯಂತೆ ನಡೆಯುವ ಇಂದಿನ ಸಿಎನ್‌ಸಿ ಯಂತ್ರದಲ್ಲಿ ಕಂಟ್ರೋಲರ್ ಎಂಬ ಪೆಟ್ಟಿಗೆಯೂ ಎರಡು ಸರ್ವೋ ಮೋಟಾರುಗಳೂ ಮಾಡುವ ಕಾರ್ಯವನ್ನು ಅಂದು ಮೂವರು ಮನುಷ್ಯರು ಮಾಡಿದರು. 1949ರಲ್ಲಿ ಅಮೆರಿಕದ ವಾಯುಪಡೆ ಈ ಯೋಜನೆಗೆ ಧನಸಹಾಯ ಕೊಟ್ಟಿತು. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸರ್ವೋಯಂತ್ರಗಳ ಪ್ರಯೋಗಾಲಯವು ಅದನ್ನು ಕೈಗೆತ್ತಿಕೊಂಡು, ರಂಧ್ರಪಟ್ಟಿಯಿಂದ ಆಜ್ಞೆ ಪಡೆದು ಮೂರು ಅಕ್ಷಗಳಲ್ಲಿ ಚಲಿಸುವ ಮಿಲ್ಲಿಂಗ್ ಯಂತ್ರವನ್ನು 1952ರಲ್ಲಿ ಪ್ರದರ್ಶಿಸಿತು.

ಇದೇ ಕಾಲದಲ್ಲಿ ಮತ್ತೊಂದು ಮಾರ್ಗವೂ ತೆರೆದಿತ್ತೆಂಬುದನ್ನು ಇಲ್ಲಿ ಹೇಳದೆ ಮುಂದುವರಿಯಲು ನನಗೆ ಮನಸ್ಸಾಗದು. ಜನರಲ್ ಎಲೆಕ್ಟ್ರಿಕ್ ಕಂಪನಿಯ ತಂತ್ರಜ್ಞರು, ಕುಶಲನಾದ ಯಂತ್ರಕರ್ಮಿಯೊಬ್ಬನು ಒಂದು ಜಾಬನ್ನು ಕೈಯಾರೆ ಮಾಡುವಾಗ ಯಂತ್ರದ ಚಲನೆಗಳನ್ನೆಲ್ಲ ಕಾಂತಪಟ್ಟಿಯ ಮೇಲೆ ಮುದ್ರಿಸಿಕೊಂಡು, ಮರಳಿ ಅದನ್ನೇ ನುಡಿಸಿ, ಎರಡನೆಯ ಜಾಬನ್ನು ಯಂತ್ರವೇ ಮಾಡುವಂತೆ ಏರ್ಪಡಿಸಿದ್ದರು. ಆ ಪದ್ಧತಿ ವ್ಯಾಪಕವಾಗಿ ಬಳಕೆಗೆ ಬರಲಿಲ್ಲ. ಗಣಿತದಿಂದ ಮಾತ್ರ ವರ್ಣಿಸಬಹುದಾದ ವಕ್ರತಲಗಳನ್ನು ಕೈಯ ಚಲನೆಯಿಂದ ಮುದ್ರಿಸುವುದು ಸುಲಭವಲ್ಲವೆಂಬುದು ಒಂದು ಕಾರಣ. ಕೆಲಸದ ಯೋಜನೆಯು ಕಾರ್ಖಾನೆಯ ನೆಲದಿಂದ ಕಚೇರಿಯ ಮೇಜಿಗೆ ಏರಬೇಕೆಂಬ ಆಡಳಿತದ ಇಚ್ಛೆ ಮತ್ತೊಂದು ಕಾರಣವೆಂದು ಇತಿಹಾಸಕಾರ ಡೇವಿಡ್ ನೋಬಲ್ 1984ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಆ ವಾದದಲ್ಲಿ ಸತ್ಯಾಂಶವುಂಟೆಂದೇ ನನಗೆ ತೋರುತ್ತದೆ. ಅಂದು ಕಚೇರಿಗೆ ಏರಿಹೋದ ಯೋಜನೆಯ ಅಧಿಕಾರವನ್ನು ಮರಳಿ ಪಡೆಯುವ ದಾರಿಯೇ, ಇಂದು ಯಂತ್ರಕರ್ಮಿಯು ಪರದೆಯ ಮುಂದೆ ಕುಳಿತುಕೊಳ್ಳುವುದು.

ಹಾಗಾದರೆ ಅವನು ಅಲ್ಲಿ ಕಲಿಯುವುದೇನು? ಒಂದು ಸಾಮಾನ್ಯವಾದ ಜಾಬನ್ನೇ ತೆಗೆದುಕೊಳ್ಳೋಣ: ಗನ್‌ಮೆಟಲಿನ ಒಂದು ಬುಷ್; ಹೊರವ್ಯಾಸ 40 ಮಿ.ಮೀ., ಒಳಗಿನ ಬೋರು 25 ಮಿ.ಮೀ., ಉದ್ದ 50 ಮಿ.ಮೀ., ಒಂದು ತುದಿಯಲ್ಲಿ ಅಗಲವಾದ ಕಾಲರು. ಲೇತಿನಲ್ಲಿ ಇದು ಹುಟ್ಟುವ ಬಗೆಯನ್ನು ಟರ್ನರನು ಕಣ್ಣುಮುಚ್ಚಿ ಹೇಳಬಲ್ಲನು. ಜಾಬು ತನ್ನ ಅಕ್ಷದ ಸುತ್ತ ತಿರುಗುತ್ತದೆ. ಟೂಲಿನ ತುದಿಯು ಅಕ್ಷದ ಒಂದೇ ಪಕ್ಕದಲ್ಲಿ ಒಂದು ರೇಖೆಯನ್ನು ಅನುಸರಿಸಿ ಸಾಗುತ್ತದೆ. ಆ ರೇಖೆ ಸುತ್ತಿ ಬಂದಾಗ ಉಂಟಾಗುವ ತಲವೇ ಬುಷ್ಷಿನ ಮೈ. ಕ್ಯಾಡ್ ತಂತ್ರಾಂಶದಲ್ಲಿ ಮಾಡಬೇಕಾದುದೂ ಇಷ್ಟೇ. ಅಕ್ಷವೊಂದನ್ನು ಎಳೆದು, ಅದರ ಒಂದು ಪಕ್ಕಕ್ಕೆ ಬುಷ್ಷಿನ ಅರ್ಧ ಉದ್ದಕೊಯ್ತವನ್ನು ಬರೆದು, ರಿವಾಲ್ವ್ ಎಂಬ ಆಜ್ಞೆಯನ್ನು ಕೊಟ್ಟರೆ, ಆ ಕೊಯ್ತವು 360 ಡಿಗ್ರಿ ಸುತ್ತಿ ಘನವಸ್ತುವಾಗುತ್ತದೆ. ಡ್ರಿಲ್ಲಿಂಗ್ ಯಂತ್ರದ ಕೆಲಸವನ್ನು ಹೋಲುವ ಆಜ್ಞೆ ಬೇರೆ, ಮಿಲ್ಲಿಂಗಿನ ಪಾಕೆಟ್ಟನ್ನು ಹೋಲುವ ಆಜ್ಞೆ ಬೇರೆ. ಡ್ರಾಯಿಂಗಿನ ಮೂರು ನೋಟಗಳನ್ನು ಕಂಡು ಮನಸ್ಸಿನಲ್ಲಿಯೇ ಘನಾಕೃತಿಯನ್ನು ಕಟ್ಟಿಕೊಳ್ಳುವ ಅಭ್ಯಾಸವಿದ್ದವನಿಗೆ ಇವುಗಳಲ್ಲಿ ಯಾವುದೂ ಅನ್ಯವಲ್ಲ. ಆ ಅಭ್ಯಾಸವನ್ನು ಶಾಸ್ತ್ರವಾಗಿ ಕಟ್ಟಿದವನು 18ನೆಯ ಶತಮಾನದ ಉತ್ತರಾರ್ಧದ ಫ್ರೆಂಚ್ ಗಣಿತಜ್ಞ ಗಸ್ಪಾರ್ ಮೊಂಜ್. ಅವನ ವಿದ್ಯೆಯನ್ನು ಫ್ರಾನ್ಸಿನ ಸೈನ್ಯವು ಕೆಲವು ಕಾಲ ರಹಸ್ಯವಾಗಿ ಕಾಪಾಡಿತ್ತೆಂದರೆ, ನಮ್ಮ ಐಟಿಐಗಳಲ್ಲಿ ಹುಡುಗರು ಕಲಿಯುವ ಆ ಮೂರು ನೋಟಗಳ ಬೆಲೆಯೆಷ್ಟೆಂಬುದನ್ನು ಊಹಿಸಬಹುದು.

ಹೊಸಬನಿಗೆ ನಿಜವಾಗಿ ತೊಡಕೆನಿಸುವುದು ಕನ್‌ಸ್ಟ್ರೇಂಟ್ ಎಂಬ ನಿರ್ಬಂಧಗಳ ವಿಚಾರ. 1963ರಲ್ಲಿ ಐವಾನ್ ಸದರ್‌ಲೆಂಡ್ ರಚಿಸಿದ ಸ್ಕೆಚ್‌ಪ್ಯಾಡ್ ಎಂಬ ಆದಿಮ ತಂತ್ರಾಂಶದಲ್ಲಿಯೇ ಈ ಕಲ್ಪನೆಯಿತ್ತು: ಪರದೆಯ ಮೇಲೆ ಗೆರೆ ಎಳೆದರೆ ಸಾಲದು, ಈ ಗೆರೆ ಆ ಗೆರೆಗೆ ಲಂಬವಾಗಿರಲಿ, ಈ ವೃತ್ತ ಆ ವೃತ್ತದೊಡನೆ ಏಕಕೇಂದ್ರವಾಗಿರಲಿ ಎಂದು ಗಣಕಕ್ಕೆ ತಿಳಿಸಬೇಕು. ತಿಳಿಸದೆ ಹೋದಲ್ಲಿ ಗೆರೆಯು ಸ್ವತಂತ್ರವಾಗಿ ಅಲೆಯುತ್ತದೆ. ಸಮತಲದ ಮೇಲಿನ ಒಂದು ಬಿಂದುವಿಗೆ ಎರಡು ಸ್ವಾತಂತ್ರ್ಯಗಳು. ಎರಡು ತುದಿಗಳುಳ್ಳ ಗೆರೆಗೆ ನಾಲ್ಕು. ಕೇಂದ್ರಕ್ಕೆ ಎರಡು, ತ್ರಿಜ್ಯಕ್ಕೆ ಒಂದು ಸೇರಿ ವೃತ್ತಕ್ಕೆ ಮೂರು. ಅಳತೆಗಳಿಂದಲೂ ಸಂಬಂಧಗಳಿಂದಲೂ ಇವನ್ನೆಲ್ಲ ಕಟ್ಟಿಹಾಕಿದಾಗ, ಚಿತ್ರವು ಪೂರ್ಣವಾಗಿ ನಿಶ್ಚಿತವಾಯಿತೆಂದು ಸೂಚಿಸಲು ತಂತ್ರಾಂಶವು ಗೆರೆಗಳ ಬಣ್ಣವನ್ನು ಬದಲಿಸುತ್ತದೆ. ಇದನ್ನು ತರಗತಿಯಲ್ಲಿ ಬೀಜಗಣಿತದಂತೆ ಬೋಧಿಸಿದರೆ ಯಂತ್ರಕರ್ಮಿಯು ತಲೆತಗ್ಗಿಸಿ ಕುಳಿತುಕೊಳ್ಳುತ್ತಾನೆ; ಆದರೆ ಅವನು ಪ್ರತಿದಿನವೂ ವೈಸಿನಲ್ಲಿ ಜಾಬು ಕಟ್ಟುವಾಗ ಮಾಡುವುದು ಇದನ್ನೇ ಅಲ್ಲವೆ? ಯಾವ ಆಸರೆಯೂ ಇಲ್ಲದೆ ಬಿಡಿಯಾಗಿರುವ ವಸ್ತುವಿಗೆ ಆರು ಸ್ವಾತಂತ್ರ್ಯಗಳು: ಮೂರು ದಿಕ್ಕಿನ ಸರಿದಾಟ, ಮೂರು ಅಕ್ಷದ ಸುತ್ತಿನ ತಿರುಗಾಟ. ಕೆಳಗೆ ಮೂರು ಬಿಂದುಗಳ ಆಧಾರ, ಪಕ್ಕದಲ್ಲಿ ಎರಡು, ತುದಿಯಲ್ಲಿ ಒಂದು ಸ್ಟಾಪರು, ಹೀಗೆ ಆರು ಎಡೆಗಳಲ್ಲಿ ತಡೆದರೆ ಜಾಬು ಪ್ರತಿಸಲವೂ ಒಂದೇ ಸ್ಥಾನದಲ್ಲಿ ಕುಳಿತುಕೊಳ್ಳುತ್ತದೆ ಎಂಬುದು ಫಿಕ್ಸ್ಚರು ಮಾಡುವವರ ಮೂರು-ಎರಡು-ಒಂದರ ಸೂತ್ರ. ಏಳನೆಯ ಆಧಾರವನ್ನಿಟ್ಟರೆ ಜಾಬು ಕುಲುಕಾಡುತ್ತದೆ. ಚಿತ್ರದಲ್ಲಿ ಹೆಚ್ಚಿನ ಅಳತೆಯೊಂದನ್ನು ಕೊಟ್ಟರೆ ತಂತ್ರಾಂಶವು ದೋಷವೆಂದು ಕೂಗುತ್ತದೆ. ಎರಡೂ ಒಂದೇ ನಿಯಮ.

ಎಲ್ಲಿಂದ ಅಳೆಯಬೇಕೆಂಬುದರಲ್ಲಿಯೂ ಹೀಗೆಯೇ. ಐದು ಮೆಟ್ಟಿಲುಗಳುಳ್ಳ ಶಾಫ್ಟಿನಲ್ಲಿ ಪ್ರತಿ ಮೆಟ್ಟಿಲನ್ನೂ ಹಿಂದಿನ ಮೆಟ್ಟಿಲಿನಿಂದ ಅಳೆದು, ಪ್ರತಿಯೊಂದಕ್ಕೂ 0.1 ಮಿ.ಮೀ. ಹೆಚ್ಚುಕಡಿಮೆಯ ರಿಯಾಯಿತಿ ಕೊಟ್ಟರೆ, ಕೊನೆಯಲ್ಲಿ ಒಟ್ಟು ದೋಷವು 0.5 ಮಿ.ಮೀ.ಗೆ ಏರಬಹುದು. ಅನುಭವಿಯಾದ ಟರ್ನರನು ಒಂದೇ ಮುಖವನ್ನು ಆಧಾರವಾಗಿ ಹಿಡಿದು ಎಲ್ಲವನ್ನೂ ಅಲ್ಲಿಂದಲೇ ಅಳೆಯುತ್ತಾನೆ. ಪರದೆಯ ಮೇಲೆಯೂ ಅವನು ಮೂಲಬಿಂದುವನ್ನು ಆ ಮುಖದ ಮೇಲೆಯೇ ಇಡುತ್ತಾನೆ. ಯಂತ್ರವನ್ನೇ ಕಾಣದ ತರುಣ ವಿನ್ಯಾಸಕಾರನಾದರೋ ಎಲ್ಲಿ ಅನುಕೂಲವೋ ಅಲ್ಲಿ ಇಟ್ಟುಬಿಡುತ್ತಾನೆ.

ಈಗ ಪರದೆಯು ಹೇಳದೆ ಬಿಡುವ ಸಂಗತಿಗಳಿಗೆ ಬರೋಣ. ಡ್ರಾಯಿಂಗಿನಲ್ಲಿ ಬೋರಿನ ಅಳತೆ 25 ಎಚ್7 ಎಂದಿದೆಯೆನ್ನಿ. ಅಂತಾರಾಷ್ಟ್ರೀಯ ಮಾನಕದಂತೆ ಇದರ ಅರ್ಥ, ಬೋರು 25.000 ಮಿ.ಮೀ.ಗಿಂತ ಕಡಿಮೆಯಾಗಕೂಡದು, 25.021 ಮಿ.ಮೀ.ಗಿಂತ ಹೆಚ್ಚಾಗಕೂಡದು. ಪರದೆಯ ಮೇಲಿನ ಬುಷ್ಷಿನಲ್ಲಾದರೋ ಬೋರು ನಿಖರವಾಗಿ 25. ಅದಕ್ಕೆ ರಿಯಾಯಿತಿಯೆಂಬುದಿಲ್ಲ, ಒರಟುತನವಿಲ್ಲ, ಬಿಸಿಯೂ ಇಲ್ಲ. ಅದನ್ನೇ ಕುರುಡಾಗಿ ಅನುಸರಿಸಿ ಪ್ರೋಗ್ರಾಮು ಬರೆದರೆ ಯಂತ್ರವು ಕೆಳಗಿನ ಮಿತಿಯ ಅಂಚಿನಲ್ಲಿ ಕತ್ತರಿಸುತ್ತದೆ, ಅರ್ಧದಷ್ಟು ಬುಷ್ಷುಗಳು ಪ್ಲಗ್ ಗೇಜಿಗೆ ಬಿಗಿಯಾಗಿ ನಿಲ್ಲುತ್ತವೆ; ಆದುದರಿಂದ ಬಲ್ಲವನು 25.010ಕ್ಕೆ ಗುರಿಯಿಡುತ್ತಾನೆ. ಬಿಸಿಯ ಮಾತಂತೂ ಇನ್ನೂ ಸೂಕ್ಷ್ಮವಾದುದು. ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಅನ್ವಯಿಸುತ್ತವೆಂಬುದು ಜಗತ್ತು ಒಪ್ಪಿದ ನಿಯಮ. ಕತ್ತರಿಸಿದ ಕೂಡಲೆ ಗನ್‌ಮೆಟಲಿನ ಬುಷ್ಷು ಅದಕ್ಕಿಂತ 20 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ, ಅದರ ಬೋರು ಸುಮಾರು 0.009 ಮಿ.ಮೀ. ಹಿಗ್ಗಿರುತ್ತದೆ, ಅಂದರೆ ನಮಗೆ ಕೊಟ್ಟಿರುವ ರಿಯಾಯಿತಿಯ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು. ಬಿಸಿಯಲ್ಲಿ 25.005 ಎಂದು ಓದಿದ ಬೋರು ತಣ್ಣಗಾದ ಮೇಲೆ 25ಕ್ಕಿಂತ ಕಿರಿದಾಗಿ ತಿರಸ್ಕೃತವಾಗುವುದು ಹೀಗೆ. ಜಾಬನ್ನು ಬೆರಳಿನಿಂದ ಮುಟ್ಟಿ ನೋಡಿ, ಸ್ವಲ್ಪ ತಡೆದು ಅಳೆಯುವ ಹಳೆಯ ಟರ್ನರನ ನಡವಳಿಕೆಯಲ್ಲಿ ಉಷ್ಣವಿಜ್ಞಾನದ ಒಂದು ಇಡೀ ಅಧ್ಯಾಯವು ಅಡಗಿದೆ.

ಆಕೃತಿಯು ಸಿದ್ಧವಾದ ಮೇಲೆ ಕ್ಯಾಮಿನ ಕೆಲಸ. ಕಚ್ಚಾವಸ್ತುವಿನ ಗಾತ್ರವೆಷ್ಟು, ಯಾವ ಟೂಲು, ಯಾವ ವೇಗ, ಯಾವ ಕ್ರಮ ಎಂಬುದನ್ನು ತಿಳಿಸಿದರೆ ತಂತ್ರಾಂಶವು ಟೂಲಿನ ಪಥವನ್ನು ರಚಿಸಿ, ಜಿ-ಕೋಡ್ ಎಂಬ ಅಂಕಿಯ ಭಾಷೆಯಲ್ಲಿ ಬರೆದುಕೊಡುತ್ತದೆ. ನೋಡುವುದಕ್ಕೆ ಭಯ ಹುಟ್ಟಿಸುವ ಈ ಭಾಷೆಯು ವಾಸ್ತವವಾಗಿ ಕೈಯ ಚಲನೆಗಳ ದಿನಚರಿ. ಟೂಲನ್ನು ಗಾಳಿಯಲ್ಲಿ ಬೇಗನೆ ಸರಿಸುವುದು ಜಿ00; ನಿಯತವಾದ ಫೀಡಿನಲ್ಲಿ ನೇರವಾಗಿ ಕತ್ತರಿಸುವುದು ಜಿ01; ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಕಮಾನು ಕಡೆಯುವುದು ಜಿ02, ಅದರ ವಿರುದ್ಧ ದಿಕ್ಕಿನಲ್ಲಿ ಜಿ03. ಎಂ03 ಎಂದರೆ ಸ್ಪಿಂಡಲು ತಿರುಗಲಿ, ಎಂ08 ಎಂದರೆ ಕೂಲೆಂಟು ಹರಿಯಲಿ, ಎಂ30 ಎಂದರೆ ಕೆಲಸ ಮುಗಿಯಿತು. ಟೂಲನ್ನು ಜಾಬಿನ ಮುಖಕ್ಕೆ ತಾಕಿಸಿ ಡಯಲನ್ನು ಸೊನ್ನೆಗೆ ತಿರುಗಿಸುವ ಅಭ್ಯಾಸವೇ ಇಲ್ಲಿ ಜಿ54 ಎಂಬ ಆಫ್‌ಸೆಟ್ಟು. ಇಂಥ ಆಜ್ಞೆಗಳಲ್ಲಿ ಜಿ96 ಎಂಬುದನ್ನು ವಿಶೇಷವಾಗಿ ಹೇಳಬೇಕು. ನಿಮಿಷಕ್ಕೆ 100 ಮೀಟರ್ ಕತ್ತರಿಕೆಯ ವೇಗ ಬೇಕಾದರೆ 100 ಮಿ.ಮೀ. ವ್ಯಾಸದಲ್ಲಿ ಸ್ಪಿಂಡಲು ನಿಮಿಷಕ್ಕೆ 318 ಸುತ್ತು ತಿರುಗಬೇಕು, 20 ಮಿ.ಮೀ. ವ್ಯಾಸದಲ್ಲಿ ಸುಮಾರು 1592 ಸುತ್ತು. ಫೇಸಿಂಗ್ ಮಾಡುತ್ತ ಟೂಲು ಕೇಂದ್ರದ ಕಡೆಗೆ ಬಂದಂತೆಲ್ಲ ಕೈಲೇತಿನಲ್ಲಿ ವೇಗ ಕುಂದಿ, ನಡುವಿನಲ್ಲಿ ಮೇಲ್ಮೈ ಕೆಡುವುದನ್ನು ಟರ್ನರನು ನಿತ್ಯವೂ ಕಂಡಿರುತ್ತಾನೆ. ಜಿ96 ಕೊಟ್ಟರೆ ಯಂತ್ರವು ಸುತ್ತುಗಳನ್ನು ತಾನೇ ಏರಿಸುತ್ತ ಹೋಗುತ್ತದೆ. ಆದರೆ ಕೇಂದ್ರದಲ್ಲಿ ವ್ಯಾಸವು ಸೊನ್ನೆಯಾದ್ದರಿಂದ ಲೆಕ್ಕದಂತೆ ಸುತ್ತುಗಳು ಅನಂತವಾಗಬೇಕು! ಬಹುಪಾಲು ಲೇತುಗಳಲ್ಲಿ ಜಿ50 ಎಂಬ ಆಜ್ಞೆಯಿಂದ ಗರಿಷ್ಠ ಮಿತಿಯನ್ನು ಕಟ್ಟದೆ ಇದನ್ನು ಬಳಸುವುದು ಪ್ರಾಣಾಪಾಯಕರ. ಭಾರವಾದ ಚಕ್ಕಿನ ಹಿಡಿತವು ವೇಗ ಹೆಚ್ಚಿದಂತೆ ಸಡಿಲವಾಗುತ್ತದೆಂಬುದನ್ನು ಕಲಿಸುವವರು ಮೊದಲ ದಿನವೇ ಹೇಳಬೇಕು.

ನನ್ನ ಮನಸ್ಸನ್ನು ಬಹಳವಾಗಿ ಸೆಳೆದ ಸಂಗತಿಯೊಂದನ್ನು ಇಲ್ಲಿ ಸಾವಕಾಶವಾಗಿ ಬಿಡಿಸಿ ಹೇಳುತ್ತೇನೆ. ಲೇತಿನಲ್ಲಿ ಫಿನಿಶಿಂಗ್ ಕಟ್ ತೆಗೆಯುವಾಗ ಫೀಡನ್ನು ತಗ್ಗಿಸಿದರೆ ಮೇಲ್ಮೈ ನುಣುಪಾಗುತ್ತದೆ, ತುದಿಯ ತ್ರಿಜ್ಯ ದೊಡ್ಡದಾದ ಟೂಲನ್ನು ಹಾಕಿದರೂ ನುಣುಪಾಗುತ್ತದೆ; ಇದನ್ನು ತಿಳಿಯದ ಟರ್ನರನಿಲ್ಲ. ಟೂಲಿನ ದುಂಡಾದ ತುದಿಯು ಉಳುವ ನೇಗಿಲಿನಂತೆ ಸಾಲುಗಳನ್ನು ಕೊರೆಯುತ್ತ ಹೋಗುತ್ತದೆ. ಎರಡು ಸಾಲುಗಳ ನಡುವೆ ದಿಣ್ಣೆಯೊಂದು ಉಳಿಯುತ್ತದೆ. ಆ ದಿಣ್ಣೆಯ ಎತ್ತರವನ್ನು ರೇಖಾಗಣಿತವು ಸರಳವಾಗಿ ಹೇಳುತ್ತದೆ: ಫೀಡಿನ ವರ್ಗವನ್ನು ತುದಿಯ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಎತ್ತರ ಸಿಕ್ಕುತ್ತದೆ. ಸುತ್ತಿಗೆ 0.2 ಮಿ.ಮೀ. ಫೀಡು, 0.8 ಮಿ.ಮೀ. ತ್ರಿಜ್ಯ ಇದ್ದಲ್ಲಿ ದಿಣ್ಣೆಯ ಎತ್ತರ 0.00625 ಮಿ.ಮೀ., ಎಂದರೆ ಆರೂಕಾಲು ಮೈಕ್ರಾನು. ಫೀಡನ್ನು ಅರ್ಧಕ್ಕೆ ಇಳಿಸಿದರೆ ಎತ್ತರವು ಅರ್ಧವಾಗದೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಈಗ ಅದೇ ಟರ್ನರನು ಮಿಲ್ಲಿಂಗ್ ಯಂತ್ರದಲ್ಲಿ ಡೈ ಒಂದರ ವಕ್ರತಲವನ್ನು ಬಾಲ್‌ನೋಸ್ ಕಟರಿನಿಂದ ಕತ್ತರಿಸಲು ಕ್ಯಾಮಿನಲ್ಲಿ ಪಥವನ್ನು ರಚಿಸುತ್ತಿದ್ದಾನೆನ್ನಿ. ತಂತ್ರಾಂಶವು ಸ್ಟೆಪ್‌ಓವರ್ ಎಷ್ಟೆಂದು ಕೇಳುತ್ತದೆ. ಅಂದರೆ ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವಣ ದೂರವೆಷ್ಟು? ಕಟರಿನ ವ್ಯಾಸ 10 ಮಿ.ಮೀ., ಆದುದರಿಂದ ತ್ರಿಜ್ಯ 5 ಮಿ.ಮೀ.; ಸಾಲುಗಳ ದೂರ 0.5 ಮಿ.ಮೀ. ಎಂದು ಕೊಟ್ಟರೆ, 0.5ರ ವರ್ಗವಾದ 0.25ನ್ನು 40ರಿಂದ ಭಾಗಿಸಿದಾಗ, ಸಮತಟ್ಟಾದ ಎಡೆಯಲ್ಲಿ ದಿಣ್ಣೆಯ ಎತ್ತರ ಮತ್ತೆ ಅದೇ ಆರೂಕಾಲು ಮೈಕ್ರಾನು. ಯಂತ್ರ ಬೇರೆ, ಟೂಲು ಬೇರೆ, ಪರದೆಯ ಮೇಲಿನ ಹೆಸರು ಬೇರೆ. ನಿಯಮವು ಮಾತ್ರ ಒಂದೇ. ಲೇತಿನ ಫೀಡನ್ನು ಆರಿಸಿದ ಕೈಯೇ ಸ್ಟೆಪ್‌ಓವರನ್ನೂ ಆರಿಸಬಲ್ಲುದು. ಸಾಲುಗಳನ್ನು ಎರಡು ಪಟ್ಟು ಹತ್ತಿರ ತಂದರೆ ನುಣುಪು ನಾಲ್ಮಡಿಯಾಗುತ್ತದೆ, ಆದರೆ ಕಾಲವು ಇಮ್ಮಡಿಯಾಗುತ್ತದೆ; ಎಲ್ಲಿ ನಿಲ್ಲಿಸಬೇಕೆಂಬ ವಿವೇಕವು, ಆ ಡೈಯನ್ನು ಮುಂದೆ ಕೈಯಿಂದ ಪಾಲಿಶ್ ಮಾಡುವವನ ಶ್ರಮವನ್ನು ಕಂಡವನಿಗೆ ಮಾತ್ರ ಇರುತ್ತದೆ.

ಕಟರು ಬಾಗುವುದನ್ನೂ ಪರದೆಯು ತೋರಿಸುವುದಿಲ್ಲ. ಒಂದು ತುದಿಯಲ್ಲಿ ಹಿಡಿದ ಕೋಲಿನ ಇನ್ನೊಂದು ತುದಿಯನ್ನು ಒತ್ತಿದಾಗ ಉಂಟಾಗುವ ಬಾಗು, ಚಾಚಿದ ಉದ್ದದ ಘನಕ್ಕೆ ಅನುಗುಣವಾಗಿಯೂ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿಯೂ ಇರುತ್ತದೆ. ಬೋರಿಂಗ್ ಬಾರನ್ನು ಎರಡರಷ್ಟು ಹೊರಕ್ಕೆ ಚಾಚಿದರೆ ಅದು ಎಂಟುಪಟ್ಟು ಬಾಗುತ್ತದೆ. ಅರ್ಧ ದಪ್ಪದ ಬಾರನ್ನು ಹಾಕಿದರೆ ಹದಿನಾರು ಪಟ್ಟು. ಉಕ್ಕಿನ ಬಾರನ್ನು ಅದರ ವ್ಯಾಸದ ನಾಲ್ಕರಷ್ಟಕ್ಕಿಂತ ಹೆಚ್ಚು ಚಾಚಬಾರದೆಂಬ ಕಾರ್ಖಾನೆಯ ವಾಡಿಕೆಗೆ ಕಾರಣ ಇದೇ. ಸಾಮಾನ್ಯವಾದ ಕ್ಯಾಮ್ ತಂತ್ರಾಂಶದ ಸಿಮ್ಯುಲೇಶನ್ನಿನಲ್ಲಿ ಕಟರು ಎಂದಿಗೂ ಬಾಗದು, ಚಾಟರಿನ ಕರ್ಕಶ ಧ್ವನಿ ಕೇಳಿಸದು. ಕ್ಲ್ಯಾಂಪು ಅಲ್ಲಿದೆಯೆಂದು ನಾವೇ ತಿಳಿಸದ ಹೊರತು, ಟೂಲು ಅದರ ಮೂಲಕವೇ ಹಾದುಹೋದರೂ ಪರದೆಯು ಪ್ರಸನ್ನವಾಗಿಯೇ ಇರುತ್ತದೆ. ಹಸಿರು ಬಣ್ಣದ ಸಮ್ಮತಿಯನ್ನು ನಂಬಿ ಯಂತ್ರದ ಗುಂಡಿಯನ್ನು ಒತ್ತುವವನಿಗೂ, ಮೊದಲ ಜಾಬನ್ನು ಸಿಂಗಲ್ ಬ್ಲಾಕಿನಲ್ಲಿ ಸಾಲುಸಾಲಾಗಿ ನಡೆಸಿ, ರ‍್ಯಾಪಿಡ್ಡನ್ನು ತಗ್ಗಿಸಿ, ಕೈಯನ್ನು ಚಲನೆ ನಿಲ್ಲಿಸುವ ಫೀಡ್ ಹೋಲ್ಡಿನ ಮೇಲಿಟ್ಟುಕೊಂಡು ನಿಲ್ಲುವವನಿಗೂ ಇರುವ ಅಂತರವು ಯಂತ್ರದ ಆಯುಸ್ಸಿನ ಅಂತರ.

ಹೊರಗಿನಿಂದ ಬಂದುದಾದರೂ ಈ ವಿದ್ಯೆ ನಮ್ಮ ನಾಡಿಗೆ ಅಪರಿಚಿತವಲ್ಲ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಯಂತ್ರೋಪಕರಣ ತಯಾರಿಸುವ ಎಚ್‌ಎಂಟಿ ಸ್ಥಾಪನೆಯಾಯಿತು. 1962ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗಾಗಿ ಇಂದು ಸಿಎಂಟಿಐ ಎಂದು ಹೆಸರಾದ ಕೇಂದ್ರ ಸಂಸ್ಥೆ ಹುಟ್ಟಿತು. ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರವು ಇಂದು ರಾಜ್ಯದ ಹಲವು ಊರುಗಳಲ್ಲಿ ತರುಣರಿಗೆ ಪಾಠ ಹೇಳುತ್ತಿದೆ. ಯಂತ್ರಗಳನ್ನು ಕಟ್ಟಿದ ನಾಡು ಇದು. ಆದರೂ ಯಂತ್ರದ ಮುಂದೆ ನಡುವಯಸ್ಸಿಗೆ ಬಂದವನು, ಪಾಳಿ ಮುಗಿಸಿ, ತನಗೆ ತಿಳಿಯುವ ಕನ್ನಡದಲ್ಲಿ, ತನ್ನ ಅನುಭವವನ್ನೇ ಮೆಟ್ಟಿಲಾಗಿ ಮಾಡಿಕೊಂಡು ಇದನ್ನು ಕಲಿಯುವುದಕ್ಕೆ ತಕ್ಕ ಪಾಠಪುಸ್ತಕಗಳು ಸಾಕಷ್ಟು ಇಲ್ಲವೆಂಬುದು ನನಗೆ ನಿಜವಾಗಿಯೂ ವ್ಯಥೆಯನ್ನುಂಟುಮಾಡುವ ಸಂಗತಿ. ಪಾಠ ಹೇಳುವವರು ಪರದೆಯ ಗುಂಡಿಗಳ ಪಟ್ಟಿಯಿಂದ ಆರಂಭಿಸುವುದನ್ನು ಬಿಟ್ಟು, ಬುಷ್ಷಿನಿಂದಲೋ ಪುಲ್ಲಿಯಿಂದಲೋ ಆರಂಭಿಸಬೇಕು. ಕಾರ್ಖಾನೆಯ ಒಡೆಯರು, ಪ್ರೋಗ್ರಾಮು ಬರೆಯುವ ಮೇಜಿನ ಪಕ್ಕದಲ್ಲಿ ಹಳೆಯ ಟರ್ನರನಿಗೂ ಒಂದು ಕುರ್ಚಿಯನ್ನು ಹಾಕಿಸಬೇಕು.

ಇನ್ನು, ಲೇತಿನ ಎಣ್ಣೆಯ ಕೈಯಲ್ಲೇ ಈ ಪುಸ್ತಕವನ್ನು ಹಿಡಿದಿರುವ ಓದುಗನಲ್ಲಿ ನನ್ನದೊಂದು ವಿನಂತಿ. ಫ್ರೀಕ್ಯಾಡ್ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ, ಮಿಲ್ಲಿಂಗ್ ಟೂಲಿನ ಪಥವನ್ನು ರಚಿಸುವ ವಿಭಾಗವೂ ಅದರಲ್ಲಿಯೇ ಇದೆ. ಮನೆಯಲ್ಲಿ ಮಕ್ಕಳ ಓದಿಗೆಂದು ತಂದ ಸಾಧಾರಣ ಗಣಕವಾದರೂ ಇಂಥ ಚಿಕ್ಕ ಕೆಲಸಕ್ಕೆ ಸಾಕು. ನಿಮ್ಮ ಕೈಯಿಂದ ನೂರಾರು ಸಲ ಹೊರಬಂದ ಜಾಬೊಂದನ್ನು ಆರಿಸಿಕೊಳ್ಳಿ. ಅದರ ಅರ್ಧ ಕೊಯ್ತವನ್ನು ಬರೆದು, ಎಲ್ಲ ಗೆರೆಗಳನ್ನೂ ಕಟ್ಟಿ, ಸುತ್ತಿಸಿ ನೋಡಿ; ಲೇತಿಗೆ ಹೊಂದುವ ಕ್ಯಾಮ್ ತಂತ್ರಾಂಶದಲ್ಲಿ ಟೂಲಿನ ಪಥವನ್ನು ಹಾಕಿಸಿ, ತಂತ್ರಾಂಶವು ಬರೆದುಕೊಟ್ಟ ಪ್ರೋಗ್ರಾಮಿನ ಪ್ರತಿ ಸಾಲನ್ನೂ ನಿಮ್ಮ ಕೈಯ ಚಲನೆಯೊಡನೆ ಹೋಲಿಸಿ ಓದಿ. ಅದು ತಪ್ಪು ಮಾಡಿರುವ ಎಡೆಗಳು ನಿಮ್ಮ ಕಣ್ಣಿಗೆ ಬೀಳುತ್ತವೆ; ಅವನ್ನು ಗುರುತು ಹಾಕಿ, ನಿಮ್ಮ ಕಾರ್ಖಾನೆಯ ಪ್ರೋಗ್ರಾಮರನಿಗೆ ತೋರಿಸಿ.